ಗಂಜಾಂನ ಕಡ್ಡಿ

ಮೈಸೂರಿನಲ್ಲಿ ಅಂಜೂರ ಅಂದರೆ ಹೆಚ್ಚಿನವರ ಕಣ್ಣಿಗೆ ಕಟ್ಟುವುದು ಒಣ ಹಣ್ಣು. ದೇವರಾಜ ಮಾರುಕಟ್ಟೆಯ ಅಂಗಡಿಗಳಲ್ಲಿ ಹುರಿಗೆ ಪೋಣಿಸಿ ತೂಗುಹಾಕಿದ ಸರ, ಅಫ್ಘಾನಿಸ್ತಾನದ ಸರಕು. ಬಾಣಂತಿಗೆ, ರಕ್ತ ಕಡಿಮೆ ಎಂದು ಡಾಕ್ಟರು ಹೇಳಿದವರಿಗೆ, ಹೊಟ್ಟೆ ಸರಿಯಿಲ್ಲದ ವಯಸ್ಸಾದವರಿಗೆ ರಾತ್ರಿ ನೀರಿನಲ್ಲಿ ನೆನೆಹಾಕಿ ಬೆಳಿಗ್ಗೆ ಕೊಡುವ ಪದಾರ್ಥ ಅದು. ಹಸಿ ಅಂಜೂರ ತಿಂದವರು ಇದ್ದಾರೆ, ಆದರೆ ಮಾವು ಸೀಬೆಗಳ ಸಲುಗೆ ಅದಕ್ಕೆ ಸಿಕ್ಕಿಲ್ಲ. ನಂಜನಗೂಡಿನ ರಸಬಾಳೆ, ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ಈರನಗೆರೆ ಬದನೆ ಎಂದು ನಮ್ಮ ಕಡೆಯ ಹೆಮ್ಮೆಗಳನ್ನು ಒಂದೇ ಉಸಿರಿಗೆ ಒಪ್ಪಿಸುವವರು ಕೂಡ ಹದಿನೈದು ಕಿಲೋಮೀಟರ್ ಆಚೆಯ ಗಂಜಾಂ ಅಂಜೂರವನ್ನು ಮರೆತುಬಿಡುತ್ತಾರೆ.

ಗಂಜಾಂ ಶ್ರೀರಂಗಪಟ್ಟಣದ ದ್ವೀಪದ ಪೂರ್ವದ ಕಡೆ. ಈಗ ಅಲ್ಲಿಗೆ ಹೋಗುವವರು ನಿಮಿಷಾಂಬ ದೇವಸ್ಥಾನಕ್ಕೆ ಹೋಗುತ್ತಾರೆ, ಇಲ್ಲವೇ ಗುಂಬಜ್ ನೋಡಲು ಹೋಗುತ್ತಾರೆ. ಗುಂಬಜ್ ಇರುವ ಜಾಗ ಟಿಪ್ಪುವಿನ ಕಾಲದ ಲಾಲ್‌ಬಾಗ್. 1784ರ ದರಿಯಾ ದೌಲತ್ ಅರಮನೆಯ ಸುತ್ತಲೂ ತೋಟವೇ. ಟಿಪ್ಪುವಿಗೆ ಗಿಡಗಳ ಹುಚ್ಚು ಎಷ್ಟಿತ್ತೆಂದರೆ, 1788ರಲ್ಲಿ ಫ್ರಾನ್ಸಿನ ದೊರೆ ಹದಿನಾರನೇ ಲೂಯಿಯ ಆಸ್ಥಾನಕ್ಕೆ ಹೋದ ಅವನ ರಾಯಭಾರಿಗಳು ಸೈನ್ಯದ ಸಹಾಯದ ಜೊತೆಗೆ ಬೀಜಗಳನ್ನು, ಗಿಡಗಳನ್ನು ಕೂಡ ಕೇಳಿದ್ದರು. ಅಂಜೂರವನ್ನು ತರಿಸಿದ್ದೂ ಟಿಪ್ಪುವೇ ಎಂದು ಗಂಜಾಂನವರು ಹೇಳುತ್ತಾರೆ. ಕಾಗದಪತ್ರ ಕೇಳಿದರೆ ತೋರಿಸುವವರಿಲ್ಲ. ಮರ ತೋರಿಸುತ್ತಿದ್ದರು.

ಆ ಮರಗಳನ್ನು ನಾನು ಮೊದಲು ನೋಡಿದ್ದು ಹುಡುಗನಾಗಿದ್ದಾಗ. ನಮ್ಮ ಸೋದರತ್ತೆಯ ಮನೆ ಶ್ರೀರಂಗಪಟ್ಟಣದಲ್ಲಿತ್ತು. ಬೇಸಿಗೆ ರಜೆಗೆ ಮೈಸೂರಿನಿಂದ ಪ್ಯಾಸೆಂಜರ್ ರೈಲಿನಲ್ಲಿ ಹೋಗುತ್ತಿದ್ದೆವು. ಬೆಳಿಗ್ಗೆ ನಿಮಿಷಾಂಬ, ನದಿಯಲ್ಲಿ ಮುಳುಗು, ಬರುವಾಗ ಯಾವುದಾದರೂ ಅಂಜೂರದ ತೋಟ. ಅಗಲವಾದ ಒರಟು ಎಲೆ, ಆಳೆತ್ತರಕ್ಕಿಂತ ಸ್ವಲ್ಪ ಮೇಲೆ ಹರಡಿಕೊಂಡ ಮರ, ಕೆಳಗೆ ಹಣ್ಣಿನ ಹುಳಿವಾಸನೆ. ತೋಟದವರು ಎಲೆ ಹಾಸಿದ ಕುಕ್ಕೆಗೆ ಒಂದೊಂದೇ ಹಣ್ಣು ಇಡುತ್ತಿದ್ದರು, ಒಂದಕ್ಕೊಂದು ತಾಗದ ಹಾಗೆ. ಅತ್ತೆ ಎಷ್ಟೇ ಜೋಪಾನವಾಗಿ ಕಟ್ಟಿಕೊಟ್ಟರೂ ಆ ಕುಕ್ಕೆ ಮೈಸೂರು ಸ್ಟೇಷನ್ನಿನಲ್ಲಿ ಇಳಿಯುವ ಹೊತ್ತಿಗೆ ಅಡಿಯಿಂದ ತೊಟ್ಟಿಕ್ಕುತ್ತಿತ್ತು. ಅಂಜೂರ ಮರದಲ್ಲೇ ಮಾಗಬೇಕು. ಬಾಳೆಯನ್ನೋ ಮಾವನ್ನೋ ದೋರೆಗಾಯಿ ಕಿತ್ತು ಹಣ್ಣಿಗೆ ಹಾಕಿದಂತೆ ಇದನ್ನು ಹಾಕಲಾಗದು, ಮೆತ್ತಗಾದೀತೇ ಹೊರತು ಸಿಹಿಯಾಗುವುದಿಲ್ಲ. ಮಾಗಿದ ಮೇಲೆ ಒಂದು ದಿನ, ಹೆಚ್ಚೆಂದರೆ ಎರಡು ದಿನ. ಇಷ್ಟು ಹತ್ತಿರದ ಹಣ್ಣು ನಮ್ಮ ಊರಿನ ಮಾರುಕಟ್ಟೆಯಲ್ಲಿ ಹೆಸರು ಮಾಡದೆ ಹೋದದ್ದಕ್ಕೆ ಅರ್ಧ ಕಾರಣ ಇದೇ ಇರಬೇಕು.

ಮನೆಯಲ್ಲಿ ಅಜ್ಜಿ ಆ ಹಣ್ಣನ್ನು ಮುಟ್ಟುತ್ತಿರಲಿಲ್ಲ. ಅತ್ತಿ ಹಣ್ಣು ಬಿಡಿಸಿದರೆ ಹುಳ ಎನ್ನುವ ಗಾದೆಯ ಮೇಲೆ ಬೆಳೆದವಳು. ನಾವು ತಿನ್ನುವ ಮೊದಲು ಪ್ರತಿ ಹಣ್ಣನ್ನೂ ಎರಡು ಹೋಳು ಮಾಡಿ, ಬೆಳಕಿಗೆ ಹಿಡಿದು, ಹುಳ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಆದರೂ ಅರ್ಧ ಮನಸ್ಸಿನಿಂದ ಕೊಡುತ್ತಿದ್ದಳು. ಅವಳ ಅನುಮಾನದಲ್ಲಿ ಸಸ್ಯಶಾಸ್ತ್ರವಿತ್ತು ಎಂದು ನನಗೆ ಗೊತ್ತಾಗಿದ್ದು ಜೀವಶಾಸ್ತ್ರದ ಮೇಷ್ಟ್ರಾದ ಮೇಲೆ. ಅತ್ತಿ, ಆಲ, ಅರಳಿ, ಬಸರಿ, ಗೋಣಿ ಎಲ್ಲವೂ ಅಂಜೂರದ ದಾಯಾದಿಗಳು. ಇವುಗಳ ಹೂವು ಹೊರಗೆ ಅರಳುವುದಿಲ್ಲ. ನಾವು ಕಾಯಿ ಎನ್ನುವುದರ ಒಳಗೋಡೆಯ ತುಂಬ ನೂರಾರು ಪುಟ್ಟ ಹೂಗಳಿರುತ್ತವೆ. ತುದಿಯಲ್ಲೊಂದು ಕಿಂಡಿ. ಅತ್ತಿಯಲ್ಲಿ ಆ ಕಿಂಡಿಯಿಂದ ನುಸಿಯಷ್ಟು ಸಣ್ಣ ಕಣಜ ಒಳಗೆ ನುಗ್ಗಿ, ಪರಾಗ ಮುಟ್ಟಿಸಿ, ಮೊಟ್ಟೆ ಇಟ್ಟು, ಅಲ್ಲೇ ಸಾಯುತ್ತದೆ. ನಾವು ಹಿತ್ತಲಲ್ಲಿ ಬೆಳೆಸುವ ಅಂಜೂರಕ್ಕೆ ಆ ಕಣಜದ ಹಂಗಿಲ್ಲ. ಪರಾಗ ಸೋಕದೆಯೇ ಕಾಯಿ ಹಣ್ಣಾಗುತ್ತದೆ. ಹಾಗಾಗಿ ಅದರೊಳಗಿನ ಕಾಳುಗಳು ಹಲ್ಲಿಗೆ ಕರುಂ ಕುರುಂ ಎನ್ನಬಹುದು, ಮೊಳೆಯುವುದಿಲ್ಲ. ಅಜ್ಜಿ ಇರುವಾಗಲೇ ಇದು ತಿಳಿದಿದ್ದರೆ ಒಂದು ಹಣ್ಣಾದರೂ ತಿನ್ನಿಸಬಹುದಿತ್ತೋ ಏನೋ. ಅವಳು ಸುಲಭಕ್ಕೆ ಒಪ್ಪುವ ಪೈಕಿ ಅಲ್ಲ.

ಬೀಜ ಮೊಳೆಯದ ಮರ ಉಳಿಯುವ ದಾರಿ ಒಂದೇ. ಯಾರಾದರೂ ಕೊಂಬೆ ಕತ್ತರಿಸಿ ಬೇರೆ ಕಡೆ ನೆಡಬೇಕು.

ನನಗೆ ಕಡ್ಡಿ ಸಿಕ್ಕಿದ್ದು ಮದುವೆಯಾಗಿ ಕೃಷ್ಣಮೂರ್ತಿಪುರಂನ ಬಾಡಿಗೆ ಮನೆಯಲ್ಲಿದ್ದಾಗ. ಸಂಕ್ರಾಂತಿ ಕಳೆದ ಮೇಲೆ ಅತ್ತೆಯ ಮನೆಗೆ ಹೋದವನು ಹಳೇ ನೆನಪಿಗೆ ಗಂಜಾಂ ಕಡೆ ನಡೆದೆ. ತೋಟಗಳು ಕಮ್ಮಿಯಾಗಿದ್ದವು. ಇದ್ದ ಒಂದರಲ್ಲಿ ಯಜಮಾನರು ಎಲೆ ಉದುರಿಸಿಕೊಂಡ ಮರಗಳ ರೆಂಬೆ ಸವರುತ್ತಿದ್ದರು. ಅಂಜೂರ ಹೊಸ ಚಿಗುರಿನ ಎಲೆಕಂಕುಳಲ್ಲೇ ಹೆಚ್ಚು ಕಾಯಿ ಕಚ್ಚುವುದು, ಸವರದಿದ್ದರೆ ಫಸಲು ಇಲ್ಲ. ಹಣ್ಣು ಇದೆಯಾ ಎಂದು ಕೇಳಿದೆ. ಅವರು ನಕ್ಕು, ಕಾಲ ಬುಡದ ರಾಶಿ ತೋರಿಸಿದರು. "ಈಗೆಲ್ಲಿ ಬತ್ತದೆ ಸ್ವಾಮಿ ಹಣ್ಣು? ಬಂದ್ರೂ ನೀವು ಮೈಸೂರು ಸೇರೋದ್ರೊಳಗೆ ಕೆಟ್ಟೋಯ್ತದೆ. ಕಡ್ಡಿ ತಕ್ಕೊಂಡೋಗಿ. ಅದು ಎಂಟು ದಿನ ಇಟ್ರೂ ಏನೂ ಆಗಕಿಲ್ಲ."

ಅವರೇ ಆರಿಸಿ ಕೊಟ್ಟರು. ಈ ವರ್ಷದ ಹಸಿರು ತುದಿ ಬೇಡ, ಕೊಳೆಯುತ್ತದೆ. ತೀರಾ ಮುದಿ ಕೊಂಬೆಯೂ ಬೇಡ, ಸೋಮಾರಿ. ಒಂದು ವರ್ಷ ಬಲಿತ, ಬೂದು ಬಣ್ಣಕ್ಕೆ ತಿರುಗಿದ, ಪೆನ್ಸಿಲ್ಲಿಗಿಂತ ಕೊಂಚ ದಪ್ಪದ ಕಡ್ಡಿ. ಗೇಣುದ್ದ, ನಾಲ್ಕೈದು ಗಣ್ಣು. ಬುಡದ ಕಡೆ ಗಣ್ಣಿನ ಕೆಳಕ್ಕೆ ಒತ್ತಿ ನೇರ ಕತ್ತರಿಸಿದರು, ತುದಿಯ ಕಡೆ ಓರೆಯಾಗಿ. ಓರೆ ಕಡೆ ನೀರು ನಿಲ್ಲುವುದಿಲ್ಲ ಎನ್ನುವುದು ಒಂದು ಕಾರಣ. ಇನ್ನೊಂದು, ಮನೆಗೆ ಹೋದ ಮೇಲೆ ಯಾವುದು ತಲೆ ಯಾವುದು ಕಾಲು ಎಂದು ಪೇಟೆಯವರಿಗೆ ಗೊತ್ತಾಗಬೇಕಲ್ಲ. ಕತ್ತರಿಸಿದ ಕಡೆಯೆಲ್ಲ ಬಿಳಿ ಹಾಲು ಜಿನುಗಿತು. ಅದನ್ನು ಬೆರಳಲ್ಲಿ ಒರೆಸಲು ಹೋದೆ. "ಮುಟ್ಟಬ್ಯಾಡಿ, ಬಿಸ್ಲಲ್ಲಿ ಕೈ ಉರೀತದೆ" ಎಂದರು. ನಿಜವೇ. ಆ ಸೊನೆ ತಾಗಿದ ಜಾಗಕ್ಕೆ ಬಿಸಿಲು ಬಿದ್ದರೆ ಚರ್ಮ ಕಪ್ಪಾಗಿ ಬೊಬ್ಬೆ ಏಳುವುದುಂಟು. ಹಸಿ ಕಾಯಿಯನ್ನು ಕಚ್ಚಿದ ಮಕ್ಕಳ ತುಟಿಯ ಅಂಚು ಬಿರಿಯುವುದೂ ಅದರಿಂದಲೇ. ಕಡ್ಡಿಗಳನ್ನು ಒದ್ದೆ ಪೇಪರಿನಲ್ಲಿ ಸುತ್ತಿ, ಮೇಲೊಂದು ಪ್ಲಾಸ್ಟಿಕ್ ಕವರ್ ಹಾಕಿ ಬಸ್ಸಿನಲ್ಲಿ ತಂದೆ.

ಬಾಡಿಗೆ ಮನೆಯಲ್ಲಿ ಮಣ್ಣೆಂದರೆ ಕಾಂಪೌಂಡಿನ ಅಂಚಿನ ಒಂದು ಪಟ್ಟಿ. ಅಲ್ಲಿ ಮನೆಯ ಯಜಮಾನಿಯ ದಾಸವಾಳ, ಕರಿಬೇವು. ಹಾಲು ಬರುವ ಮರ ಮನೆ ಹತ್ತಿರ ಇರಬಾರದು, ಆಲದ ಜಾತಿ ಬೇರೆ, ಗೋಡೆ ಸೀಳುತ್ತದೆ ಎಂದು ಆಕೆ ಮೊದಲೇ ಹೇಳಿಬಿಟ್ಟರು. ಹಾಗಾಗಿ ನಮ್ಮ ಅಂಜೂರ ಅಡುಗೆಮನೆಯ ಕಿಟಕಿ ಕಟ್ಟೆಯ ಮೇಲೆ ಶುರುವಾಯಿತು. ಡಬ್ಬದ ಅಡಿಗೆ ತೂತು, ಎರಡು ಪಾಲು ಮರಳು, ಒಂದು ಪಾಲು ಕೆಂಪು ಮಣ್ಣು. ಗೊಬ್ಬರ ಇಲ್ಲ. ಬೇರಿಲ್ಲದ ಕಡ್ಡಿಗೆ ಗೊಬ್ಬರ ಹಾಕಿದರೆ ಉಣ್ಣುವ ಬಾಯಿ ಎಲ್ಲಿದೆ? ಸೊನೆ ಒಣಗಿ ಗಾಯ ಮಾಯಲೆಂದು ಒಂದು ದಿನ ನೆರಳಲ್ಲಿ ಬಿಟ್ಟು, ಅರ್ಧಕ್ಕಿಂತ ಹೆಚ್ಚು ಒಳಗೆ ಹೋಗುವಂತೆ ನೆಟ್ಟೆ. ಎರಡು ಗಣ್ಣು ಮೇಲೆ, ಉಳಿದದ್ದು ಮಣ್ಣಿನಲ್ಲಿ. ತೇವ ಆರದ ಹಾಗೆ ಮೇಲೊಂದು ಪ್ಲಾಸ್ಟಿಕ್ ಕವರ್ ಕವುಚಿದೆ. ಹೆಂಡತಿ ಕೆಲವಕ್ಕೆ ಲೋಳೆಸರದ ಅಂಟು ಸವರಿದಳು, ಅವಳ ತವರಿನ ಪದ್ಧತಿ. ಬೇರು ಬರಿಸುವ ಪುಡಿ ಆಮೇಲಿನ ವರ್ಷಗಳಲ್ಲಿ ನರ್ಸರಿಗಳಲ್ಲಿ ಸಿಗತೊಡಗಿತು. ಅದನ್ನೂ ಬಳಸಿ ನೋಡಿದ್ದೇನೆ. ಅಂಜೂರಕ್ಕೆ ಅದಿಲ್ಲದಿದ್ದರೂ ನಡೆಯುತ್ತದೆ.

ಕಷ್ಟ ಇರುವುದು ಆಮೇಲೆ. ಒಂದೆರಡು ವಾರಕ್ಕೆ ಮೇಲಿನ ಗಣ್ಣು ಊದಿಕೊಂಡು ಹಸಿರು ಮೂತಿ ತೋರಿಸುತ್ತದೆ. ಇನ್ನೊಂದು ವಾರಕ್ಕೆ ಅಂಗೈ ಮಡಿಸಿದಂಥ ಎಲೆ. ಮನೆಯವರೆಲ್ಲ ಗಿಡ ಹತ್ತಿತು ಎಂದು ಸಂಭ್ರಮಿಸುತ್ತಾರೆ. ಹತ್ತಿರುವುದಿಲ್ಲ. ಆ ಎಲೆ ಕಡ್ಡಿಯೊಳಗೆ ಮೊದಲೇ ಕೂಡಿಟ್ಟ ಆಹಾರದ ಖರ್ಚಿನಲ್ಲಿ ಬಂದದ್ದು, ಸಾಲ ಮಾಡಿ ತುಪ್ಪ ತಿಂದ ಹಾಗೆ. ಕೆಳಗೆ ಬೇರು ಇಲ್ಲದೆ ಮೇಲೆ ಎಲೆ ನೀರು ಆರಿಸಿಕೊಳ್ಳುತ್ತಾ ಹೋದರೆ ಒಂದು ಬೆಳಿಗ್ಗೆ ಅಷ್ಟೂ ಜೋತುಬೀಳುತ್ತದೆ. ಆಗ ಗಾಬರಿಯಾಗಿ ನೀರು ಸುರಿಯುವವರೇ ಹೆಚ್ಚು. ಸುರಿದರೆ ಬುಡ ಕೊಳೆಯಿತು ಎಂದೇ ಲೆಕ್ಕ. ಮರಳನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ಕಡ್ಡಿಗೆ ಬೇಕಾದ ತೇವ ಅಷ್ಟೇ.

ಎಳೆದು ನೋಡುವ ಚಟ ಇನ್ನೊಂದು. ನಮ್ಮ ಮಗಳು ಆಗ ಸಣ್ಣವಳು. ಸ್ಕೂಲಿನಿಂದ ಬಂದವಳೇ ಕಡ್ಡಿಯನ್ನು ಮೆಲ್ಲಗೆ ಅಲುಗಿಸಿ, ಗಟ್ಟಿಯಾಗಿದೆಯೋ ಇಲ್ಲವೋ ಎಂದು ವರದಿ ಒಪ್ಪಿಸುತ್ತಿದ್ದಳು. ಹೊಸ ಬೇರು ಬಾಳೆನಾರಿಗಿಂತ ಮೆದು, ಅಲುಗಿಸಿದರೆ ಪಟ್ಟನೆ ಮುರಿಯುತ್ತದೆ. ಅವಳ ಕೈ ಕಟ್ಟಲೆಂದೇ ನಾನು ಒಂದು ಕಡ್ಡಿಯನ್ನು ಪಾರದರ್ಶಕ ಪ್ಲಾಸ್ಟಿಕ್ ಲೋಟದಲ್ಲಿ ನೆಟ್ಟು, ಸುತ್ತ ಕಪ್ಪು ಕಾಗದ ಸುತ್ತಿದೆ. ನೋಡಬೇಕೆನಿಸಿದಾಗ ಕಾಗದ ಬಿಚ್ಚಿ ನೋಡಿ ಮತ್ತೆ ಸುತ್ತುವುದು. ಮೊದಲು ಕಡ್ಡಿಯ ಸಿಪ್ಪೆಯ ಮೇಲೆ ಸಾಸಿವೆ ಗಾತ್ರದ ಬಿಳಿ ಗಂಟುಗಳು ಎದ್ದವು. ಎಷ್ಟೋ ದಿನ ಹಾಗೇ ಇದ್ದವು. ಆಮೇಲೆ ಒಂದು ದಿನ ಲೋಟದ ಗೋಡೆಗೆ ಅಂಟಿಕೊಂಡು ಹಾಲುಬಿಳುಪಿನ ಎಳೆಯೊಂದು ಇಳಿದಿತ್ತು, ತುದಿಯಲ್ಲಿ ತೆಳು ಹಳದಿ, ಮೈಗೆಲ್ಲ ಕಣ್ಣಿಗೆ ಕಂಡೂ ಕಾಣದ ನವಿರು ರೋಮ. ಒಂದು ಹಿಡಿದ ಮೇಲೆ ಉಳಿದವು ತಡ ಮಾಡುವುದಿಲ್ಲ. ನಾಲ್ಕೈದು ದಿನಕ್ಕೆ ಗೋಡೆಯ ತುಂಬ ಕವಲು. ಹಳೆಯವು ಕಂದುಬಣ್ಣಕ್ಕೆ ತಿರುಗಿದಾಗ ದೊಡ್ಡ ಕುಂಡಕ್ಕೆ ವರ್ಗ. ಕ್ಲಾಸಿನಲ್ಲಿ ಕಪ್ಪುಹಲಗೆಯ ಮೇಲೆ ಬೇರಿನ ರೋಮ ಎಂದು ಗೆರೆ ಎಳೆದು ತೋರಿಸುತ್ತಿದ್ದವನು ಆ ವರ್ಷದಿಂದ ಲೋಟವನ್ನೇ ಸ್ಕೂಲಿಗೆ ಒಯ್ಯತೊಡಗಿದೆ.

ಮೈಸೂರಿನ ಹವೆ ಅಂಜೂರಕ್ಕೆ ಒಗ್ಗುತ್ತದೆ. ಜನವರಿಯ ಚಳಿಯಲ್ಲಿ ಗಿಡ ಸುಮ್ಮನಿರುತ್ತದೆ, ಕಡ್ಡಿ ಕತ್ತರಿಸಲು ಅದೇ ಸಮಯ. ಶಿವರಾತ್ರಿ ಕಳೆದು ಬಿಸಿಲು ಏರುವ ಹೊತ್ತಿಗೆ ಬೇರು ಓಡುತ್ತದೆ. ಯುಗಾದಿಯ ಆಚೀಚೆ ಬರುವ ಒಂದೆರಡು ಮಳೆಗೆ ಚಿಗುರು. ಆಗದಿರುವುದು ಜೂನಿನಿಂದಾಚೆಯ ಜಡಿಮಳೆ. ಎಲೆಯ ಅಡಿಯಲ್ಲಿ ಕೆಂಗಂದು ಪುಡಿ ಕಾಣಿಸಿಕೊಂಡು, ನೋಡನೋಡುತ್ತಿದ್ದಂತೆ ಗಿಡ ಬೋಳಾಗುತ್ತದೆ. ಅದು ತುಕ್ಕುರೋಗ. ಒಂದು ಲೀಟರ್ ನೀರಿಗೆ ಹತ್ತು ಗ್ರಾಂ ಮೈಲುತುತ್ತ, ಹತ್ತು ಗ್ರಾಂ ಸುಣ್ಣ, ಎರಡನ್ನೂ ಬೇರೆ ಬೇರೆ ಕರಗಿಸಿ ಕೂಡಿಸಿದ ಬೋರ್ಡೋ ದ್ರಾವಣವನ್ನು ಮಳೆಗೆ ಮುಂಚೆಯೇ ಸಿಂಪಡಿಸಿದರೆ ತಡೆಯಬಹುದು. ಮಳೆಗಾಲದ ಹಣ್ಣು ಹೇಗೂ ನೀರುನೀರು, ಬಾಯಿ ಬಿಟ್ಟುಕೊಂಡು ಇರುವೆಯ ಪಾಲಾಗುತ್ತದೆ. ಬೇಸಿಗೆಯದೇ ಹಣ್ಣು. ಅದಕ್ಕೆ ಪೈಪೋಟಿ ಜಾಸ್ತಿ, ಬೆಳಿಗ್ಗೆ ಪಿಕಳಾರ, ಮಧ್ಯಾಹ್ನ ಅಳಿಲು, ರಾತ್ರಿ ಬಾವಲಿ. ಬಣ್ಣ ತಿರುಗಿದ ಕೂಡಲೇ ಹಳೇ ಪಂಚೆಯ ಬಟ್ಟೆಯಲ್ಲಿ ಹೊಲಿದ ಪುಟ್ಟ ಚೀಲ ಕಟ್ಟಿದರೆ ನಮಗೂ ಒಂದಿಷ್ಟು ಸಿಗುತ್ತದೆ.

ಕುವೆಂಪುನಗರದಲ್ಲಿ ಸ್ವಂತ ಮನೆಯಾದಾಗ ಅಂಜೂರ ಕುಂಡದಿಂದ ನೆಲಕ್ಕಿಳಿಯಿತು. ಗೋಡೆಯಿಂದ ದೂರ, ನೀರು ನಿಲ್ಲದ ಮೂಲೆ, ದಿನವಿಡೀ ಬಿಸಿಲು. ಅಲ್ಲಿಂದ ಮುಂದೆ ಪ್ರತಿ ಸಂಕ್ರಾಂತಿಗೆ ಎಳ್ಳುಬೀರುವ ತಟ್ಟೆಯ ಹಿಂದೆಯೇ ನಮ್ಮ ಮನೆಯಿಂದ ಕಡ್ಡಿಯ ಕಟ್ಟುಗಳೂ ಹೊರಟವು. ಸ್ಟಾಫ್ ರೂಮಿನವರು, ಹಾಲಿನವನು, ವಾಕಿಂಗಿನಲ್ಲಿ ಸಿಕ್ಕವರು. ಕುಪ್ಪಣ್ಣ ಪಾರ್ಕಿನ ದಸರಾ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ನರ್ಸರಿ ಮಳಿಗೆಯ ಮುಂದೆ ಅಂಜೂರದ ಸಸಿಗೆ ಚೌಕಾಸಿ ಮಾಡುತ್ತಿದ್ದ ಅಪರಿಚಿತರನ್ನೂ ಮನೆಗೆ ಕರೆದು ಕೊಟ್ಟದ್ದುಂಟು. ಕೇಳಿ ಪಡೆದ ಗಿಡಕ್ಕಿಂತ ಕದ್ದ ಗಿಡ ಚೆನ್ನಾಗಿ ಹತ್ತುತ್ತದೆ ಎನ್ನುವ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದಕ್ಕಾಗಿ ಕೆಲವರು ಕೊಟ್ಟದ್ದನ್ನು ಥ್ಯಾಂಕ್ಸ್ ಹೇಳದೆ, ಬೆನ್ನು ತಿರುಗಿಸಿ ಒಯ್ಯುತ್ತಿದ್ದರು. ಕೊಡುವುದರಲ್ಲಿ ನನ್ನ ದೊಡ್ಡತನವೇನೂ ಇರಲಿಲ್ಲ. ಸವರಿದ ರೆಂಬೆಯನ್ನು ಕಸದ ಗಾಡಿಗೆ ಹಾಕಲು ಮನಸ್ಸಾಗುತ್ತಿರಲಿಲ್ಲ, ಅಷ್ಟೆ.

2006ರಲ್ಲಿ ಜೆರಿಕೋ ಪಟ್ಟಣದ ಹತ್ತಿರದ ಗಿಲ್ಗಾಲ್ ಎಂಬ ಜಾಗದ ಉತ್ಖನನದ ಸುದ್ದಿ ಬಂತು. ಸುಟ್ಟು ಕರಿಕಾದ ಒಂದು ಮನೆಯೊಳಗೆ ಒಂಬತ್ತು ಪುಟ್ಟ ಅಂಜೂರಗಳು ಸಿಕ್ಕಿದ್ದವು. ವಯಸ್ಸು ಹನ್ನೊಂದು ಸಾವಿರ ವರ್ಷಕ್ಕೂ ಹೆಚ್ಚು. ಪರೀಕ್ಷಿಸಿದ ವಿಜ್ಞಾನಿಗಳು ಇವು ಪರಾಗವಿಲ್ಲದೆ ಹಣ್ಣಾದ ಜಾತಿಯವು, ಆದ್ದರಿಂದ ಯಾರೋ ಕಡ್ಡಿ ನೆಟ್ಟೇ ಬೆಳೆಸಿರಬೇಕು, ಗೋಧಿ ಬಾರ್ಲಿಯ ಬೇಸಾಯಕ್ಕಿಂತ ಇದು ಹಳೆಯದು ಎಂದು ವಾದಿಸಿದರು. ಎಲ್ಲ ತಜ್ಞರೂ ಇದನ್ನು ಒಪ್ಪಿಲ್ಲ, ಕಾಡಿನಲ್ಲೂ ಅಂಥ ಗಿಡಗಳು ಇರಬಹುದಲ್ಲ ಎನ್ನುವವರಿದ್ದಾರೆ. ವಾದ ಗೆಲ್ಲಲಿ ಬಿಡಲಿ, ಮಕ್ಕಳಿಗೆ ಪಾಠ ಹೇಳುವಾಗ ನನಗೆ ಅದರಿಂದ ಒಂದು ಅನುಕೂಲವಾಯಿತು. ಕಡ್ಡಿಯಿಂದ ಬಂದ ಗಿಡ ತಾಯಿಮರದ ಮಗುವಲ್ಲ, ಅದೇ ಮರ. ನಮ್ಮ ಹಿತ್ತಲಿನದು ಗಂಜಾಂನ ಯಜಮಾನರ ಮರವೇ, ಅವರದು ಅವರ ಹಿರಿಯರು ಕಡ್ಡಿ ತಂದ ಮರವೇ. ಹಿಂದಕ್ಕೆ ಹೋದಷ್ಟೂ ನಡುವೆ ಎಲ್ಲೂ ಬೀಜವಿಲ್ಲ, ಬರೀ ಕೈಗಳು. ಹಾಗಾದರೆ ಈ ಗಿಡಕ್ಕೆ ಎಷ್ಟು ವಯಸ್ಸು ಸಾರ್ ಎಂದು ಹುಡುಗನೊಬ್ಬ ಕೇಳಿದ. ಅಂಥ ಪ್ರಶ್ನೆ ಪರೀಕ್ಷೆಗೆ ಬರುವುದಿಲ್ಲ ಎಂದು ತಪ್ಪಿಸಿಕೊಂಡೆ.

ನಿವೃತ್ತನಾದ ಮೇಲೆ ಒಂದು ಬೇಸಿಗೆಯಲ್ಲಿ ಮರದ ಬುಡದಲ್ಲಿ ಗರಗಸದ ಹೊಟ್ಟಿನಂಥ ಪುಡಿ ಕಂಡಿತು. ತಿಳಿಹಳದಿ, ಕೈಗೆ ಎತ್ತಿಕೊಂಡರೆ ತೇವ. ಮೇಲೆ ನೋಡಿದರೆ ಕಾಂಡದಲ್ಲಿ ಪೆನ್ಸಿಲ್ ತೂರುವಷ್ಟು ತೂತು. ಕಾಂಡಕೊರಕ. ಉದ್ದ ಮೀಸೆಯ ದೊಡ್ಡ ದುಂಬಿ ತೊಗಟೆಯ ಸೀಳಿನಲ್ಲಿ ಮೊಟ್ಟೆ ಇಟ್ಟು ಹೋಗುತ್ತದೆ. ಮರಿಹುಳು ತಿಂಗಳುಗಟ್ಟಲೆ ಒಳಗೊಳಗೇ ಕೊರೆಯುತ್ತಿರುತ್ತದೆ. ಹೊಟ್ಟು ಹೊರಗೆ ಬೀಳುವ ಹೊತ್ತಿಗೆ ಒಳಗೆ ಕೆಲಸ ಮುಗಿದಿರುತ್ತದೆ. ಮಾವಿನ ತೋಟದವರು ಮಾಡುವ ಹಾಗೆ ತೂತಿಗೆ ತಂತಿ ತೂರಿಸಿ, ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿ ತುರುಕಿ, ಜೇಡಿಮಣ್ಣು ಮೆತ್ತಿದೆವು. ಒಂದು ಹುಳು ಸಿಕ್ಕಿತು, ಹೆಬ್ಬೆರಳ ಗಾತ್ರ, ಬೆಣ್ಣೆಯ ಬಣ್ಣ. ಎಲೆ ಮಾತ್ರ ಒಂದು ಕಡೆಯಿಂದ ಒಣಗುತ್ತಾ ಬಂತು. ದೀಪಾವಳಿಯ ಹೊತ್ತಿಗೆ ಜೀವವಿರುವ ಕೊಂಬೆ ಒಂದೂ ಉಳಿಯಲಿಲ್ಲ. ಕಡ್ಡಿ ತೆಗೆಯೋಣವೆಂದರೆ ಎಲ್ಲಿ ಮುರಿದರೂ ಪುಡಿ.

ಅಷ್ಟರಲ್ಲಿ ಗಂಜಾಂನ ಆ ತೋಟವೂ ಇರಲಿಲ್ಲ. ಅತ್ತೆಯೂ ಇರಲಿಲ್ಲ. ನರ್ಸರಿಗೆ ಹೋದರೆ ಪುಣೆಯ ಅಂಜೂರ ಸಿಗುತ್ತದೆ, ಹೊರದೇಶದ ತಳಿಗಳೂ ಸಿಗುತ್ತವೆ, ಅವೂ ಒಳ್ಳೆಯ ಹಣ್ಣೇ. ಆದರೆ ನಾನು ನೇರ ರಾಮಕೃಷ್ಣನಗರಕ್ಕೆ ಹೋದೆ. ನಮ್ಮ ಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದ ಮೇಷ್ಟ್ರ ಮನೆ ಅಲ್ಲಿದೆ. ವರ್ಷಗಳ ಹಿಂದೆ ನನ್ನಿಂದ ಕಡ್ಡಿ ಒಯ್ದವರಲ್ಲಿ ಅವರೊಬ್ಬರು. ಗೇಟಿನಿಂದಲೇ ಕಂಡಿತು, ಮಹಡಿ ಮುಟ್ಟುವ ಮರ.

"ನಮ್ಮ ಮರದ ಕಡ್ಡಿ ಬೇಕಾಗಿತ್ತು ಅಕ್ಕಾವ್ರೇ" ಎಂದೆ, ಮೇಷ್ಟ್ರ ಹೆಂಡತಿಗೆ.

"ಎಲ್ಲಿದೆ ನಿಮ್ಮ ಮರ?" ಎಂದರು ಆಕೆ. "ಇದಕ್ಕೆ ನೀರು ಹಾಕಿದೋಳು ನಾನು, ಬಾವಲಿ ಓಡಿಸಿದೋಳು ನಾನು. ಬೇಕಿದ್ರೆ ನಮ್ಮ ಮರದ ಕಡ್ಡಿ ಅಂತ ಕೇಳಿ, ಕೊಡ್ತೀನಿ."

ಹಾಗೇ ಕೇಳಿದೆ. ಮೇಷ್ಟ್ರು ಒಳಗಿನಿಂದ ನಗುತ್ತಾ ಬಂದು, ಒಂದು ವರ್ಷ ಬಲಿತ ರೆಂಬೆಯನ್ನೇ ಹುಡುಕಿ, ಬುಡ ನೇರ, ತುದಿ ಓರೆ ಕತ್ತರಿಸಿದರು. ಯಾರು ಹೇಳಿಕೊಟ್ಟರು ಎಂದು ನಾನು ಕೇಳಲಿಲ್ಲ. ಸುತ್ತಲು ಪೇಪರ್ ತರಲು ಒಳಗೆ ಹೋದ ಅಕ್ಕಾವ್ರು, ಸೊನೆ ಮುಟ್ಟಬೇಡಿ ಎಂದು ಅಲ್ಲಿಂದಲೇ ಕೂಗಿ ಹೇಳಿದರು.

ಕಾಂಪೌಂಡು ಎತ್ತರಿಸಿ, ಬುಡಕ್ಕೆ ಸುಣ್ಣ ಬಳಿದು ಒಂದು ಮರವನ್ನು ಎಷ್ಟು ಕಾಯ್ದರೂ ಹುಳುವಿಗೆ ಒಂದು ಸೀಳು ಸಾಕು. ರಸ್ತೆ ಅಗಲವಾಗಬಹುದು, ಸೈಟು ಮಾರಿಹೋಗಬಹುದು, ನಮ್ಮ ನಂತರದವರಿಗೆ ಕಾರು ನಿಲ್ಲಿಸಲು ಜಾಗ ಬೇಕಾಗಬಹುದು. ಗಂಜಾಂನ ಯಜಮಾನರ ಮರ ಅವರ ತೋಟದಲ್ಲಿ ಉಳಿಯಲಿಲ್ಲ, ನನ್ನ ಹಿತ್ತಲಲ್ಲೂ ಉಳಿಯಲಿಲ್ಲ. ಕೊಟ್ಟದ್ದು ಉಳಿದಿತ್ತು. ಬ್ಯಾಂಕಿನಲ್ಲಿಟ್ಟ ದುಡ್ಡಿಗಿಂತ ಕೈಗಡ ಕೊಟ್ಟ ದುಡ್ಡು ಭದ್ರವಾಗಿರುವುದು ಈ ಒಂದು ವ್ಯವಹಾರದಲ್ಲಿ ಮಾತ್ರ ಎಂದು ಗಣಿತದ ಮೇಷ್ಟ್ರಿಗೆ ಹೇಳಿದೆ. ಬಡ್ಡಿಯ ಲೆಕ್ಕ ಹಾಕಲೇ ಎಂದರು.

ಈ ಸಲ ಗಿಡವನ್ನು ನೆಲಕ್ಕೆ ಇಳಿಸಿಲ್ಲ. ಮಹಡಿಯ ಮೇಲೆ ದೊಡ್ಡ ಡ್ರಮ್ಮಿನಲ್ಲಿದೆ, ಕಾಂಡಕ್ಕೆ ಮೈಲುತುತ್ತ ಸುಣ್ಣ ಬಳಿದಿದ್ದೇನೆ, ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ಬುಡ ನೋಡುತ್ತೇನೆ. ಹೋದ ಬೇಸಿಗೆಯಲ್ಲಿ ಹಣ್ಣು ಕಚ್ಚಿತು. ಸವರಬೇಕಾದಷ್ಟು ರೆಂಬೆಯೂ ಆಗಿದೆ. ಸಂಕ್ರಾಂತಿ ಮುಗಿದ ವಾರ ಕತ್ತರಿ ಹಿಡಿಯುತ್ತೇನೆ. ಕಡ್ಡಿ ಬೇಕಾದವರು ಹಳೇ ಪೇಪರ್ ತನ್ನಿ, ಗ್ಲೌಸ್ ಇದ್ದರೆ ಅದನ್ನೂ. ನೆಟ್ಟ ಮೇಲೆ ಅಲುಗಿಸಿ ನೋಡುವ ಮಕ್ಕಳು ಮನೆಯಲ್ಲಿದ್ದರೆ ಒಂದೆರಡು ಹೆಚ್ಚಿಗೆ ಒಯ್ಯಿರಿ.